ವಾಚನಾಲಯದ ಪುಸ್ತಕಪಟ್ಟಿ: ರಿಜಿಸ್ಟರಿನಿಂದ ಅಚ್ಚಿಗೆ, ಅಚ್ಚಿನಿಂದ ಜಾಲತಾಣಕ್ಕೆ

ನಮ್ಮೂರಿನ ವಾಚನಾಲಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. ಅವೆಲ್ಲವೂ ನಾಲ್ಕು ದಪ್ಪ ಅಕ್ಸೆಷನ್ (ಪುಸ್ತಕ ಸೇರ್ಪಡೆಯ) ರಿಜಿಸ್ಟರುಗಳಲ್ಲಿ, ಪುಸ್ತಕ ಬಂದ ದಿನಾಂಕದ ಕ್ರಮದಲ್ಲಿ, ಬೇರೆ ಬೇರೆಯವರ ಕೈಬರಹದಲ್ಲಿ ದಾಖಲಾಗಿವೆ. ಒಬ್ಬ ಲೇಖಕರ ಪುಸ್ತಕಗಳು ಯಾವುವು ಇವೆ ಎಂದು ಯಾರಾದರೂ ಕೇಳಿದರೆ, ವಾಚನಾಲಯ ನೋಡಿಕೊಳ್ಳುವ ನಿವೃತ್ತ ಮೇಷ್ಟ್ರ ನೆನಪನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಹೀಗಾಗಿ ಲೇಖಕರ ಅಕಾರಾದಿಯಲ್ಲಿ ಒಂದು ಅಚ್ಚಾದ ಪಟ್ಟಿ ಮತ್ತು ಅದೇ ಪಟ್ಟಿಯ ಜಾಲಪುಟಗಳು ಬೇಕೆಂದು ಸಮಿತಿ ನಿರ್ಧರಿಸಿತು, ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ತಿಂಗಳ ಭಾನುವಾರಗಳು ಹಿಡಿದ ಈ ಕೆಲಸದಲ್ಲಿ ಎಲ್ಲಿ ತಪ್ಪಿತು, ಏಕೆ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನೊಂದು ವಾಚನಾಲಯದವರು ಇದೇ ಕೆಲಸಕ್ಕೆ ಕೈಹಾಕಿದಾಗ ಅವರ ಕೆಲವು ಭಾನುವಾರಗಳಾದರೂ ಉಳಿಯಲಿ ಎಂಬುದು ನನ್ನ ಆಸೆ.

ಕೋಷ್ಟಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಚನಾಲಯದ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ತಂತ್ರಾಂಶ ಇದ್ದುದರಿಂದ ಅದನ್ನೇ ಬಳಸಿದೆ. ಪುಸ್ತಕಗಳಿಗೆ ಒಂದು ಕೋಷ್ಟಕ, ಲೇಖಕರಿಗೆ ಒಂದು, ಒಂದು ಪುಸ್ತಕಕ್ಕೆ ಅನುವಾದಕರು, ಸಂಪಾದಕರು ಎಂದು ಹಲವರಿರುವುದರಿಂದ ಎರಡನ್ನೂ ಜೋಡಿಸುವ ಮೂರನೆಯದು. ಪುಸ್ತಕವನ್ನು ಗುರುತಿಸಲು ಅದರ ಮೇಲೆ ಅಚ್ಚಾಗುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ಸಾಕಲ್ಲವೇ ಎಂದು ಒಬ್ಬರು ಕೇಳಿದರು. 13 ಅಂಕೆಯ ಐಎಸ್‌ಬಿಎನ್ ಜಾರಿಗೆ ಬಂದದ್ದು 2007ರಲ್ಲಿ, ಅದಕ್ಕೂ ಮೊದಲಿದ್ದದ್ದು 10 ಅಂಕೆಯದು, ನಮ್ಮ ಕಪಾಟಿನ ಹಳೆಯ ಪುಸ್ತಕಗಳಲ್ಲಿ ಎರಡೂ ಇಲ್ಲ. ಆದ್ದರಿಂದ ರಿಜಿಸ್ಟರಿನ ಅಕ್ಸೆಷನ್ ಸಂಖ್ಯೆಯನ್ನೇ ಪುಸ್ತಕದ ಗುರುತಾಗಿ ಉಳಿಸಿಕೊಂಡೆ. ಲೇಖಕರಿಗೆ ಆಕ್ಸೆಸ್ ತಾನೇ ಕೊಡುವ ಒಂದು ಲೇಖಕ ಸಂಖ್ಯೆ ಇತ್ತು. ಆ ಸಂಖ್ಯೆಯನ್ನು ಆಗ ನಾನು ಅಷ್ಟಾಗಿ ಲೆಕ್ಕಕ್ಕಿಟ್ಟಿರಲಿಲ್ಲ, ಅದರ ಫಲ ಕೊನೆಯ ತಿಂಗಳಲ್ಲಿ ಕಾಣಿಸಿತು.

ರಿಪೋರ್ಟಿನ ವಿಭಾಗಗಳು

ಕೋಷ್ಟಕದ ಮಾಹಿತಿಯನ್ನು ಅಚ್ಚಿಗೆ ಜೋಡಿಸಿಕೊಡುವುದಕ್ಕೆ ಆಕ್ಸೆಸ್ಸಿನಲ್ಲಿ ರಿಪೋರ್ಟ್ ಎನ್ನುತ್ತಾರೆ. ಅದರ ವಿನ್ಯಾಸದ ಪರದೆಯನ್ನು ಮೊದಲ ಸಲ ತೆರೆದವರಿಗೆ ಅದು ಒಂದು ಪುಟದಂತೆ ಕಾಣುತ್ತದೆ, ಆದರೆ ಅದು ಪುಟವಲ್ಲ. ಅಲ್ಲಿ ಒಂದರ ಕೆಳಗೊಂದು ಇರುವ ಅಡ್ಡ ವಿಭಾಗಗಳಲ್ಲಿ ಪ್ರತಿಯೊಂದೂ ಎಷ್ಟು ಸಲ ಅಚ್ಚಾಗುತ್ತದೆ ಎಂಬುದಕ್ಕೆ ತನ್ನದೇ ನಿಯಮವಿದೆ. ರಿಪೋರ್ಟ್ ಹೆಡರ್ ಇಡೀ ವರದಿಗೆ ಒಂದೇ ಸಲ, ಆರಂಭದಲ್ಲಿ. ಪೇಜ್ ಹೆಡರ್ ಪ್ರತಿ ಪುಟದ ತಲೆಯಲ್ಲಿ. ಗ್ರೂಪ್ ಹೆಡರ್ ಪ್ರತಿ ಗುಂಪಿಗೆ ಒಂದು ಸಲ, ನಮ್ಮ ಪಟ್ಟಿಯಲ್ಲಿ ಪ್ರತಿ ಲೇಖಕರಿಗೆ. ಡೀಟೇಲ್ ಎನ್ನುವುದು ಪ್ರತಿ ದಾಖಲೆಗೆ ಒಂದು ಸಲ, ಎಂದರೆ ಪ್ರತಿ ಪುಸ್ತಕಕ್ಕೆ. ಆಮೇಲೆ ಇದೇ ಕ್ರಮ ತಿರುವುಮುರುವಾಗಿ ಗ್ರೂಪ್ ಫೂಟರ್, ಪೇಜ್ ಫೂಟರ್, ರಿಪೋರ್ಟ್ ಫೂಟರ್ ಬರುತ್ತವೆ. ಯಾವುದೇ ಪೆಟ್ಟಿಗೆಯನ್ನು ಪರದೆಯ ಮೇಲೆ ಇಡುವ ಮುನ್ನ ಕೇಳಬೇಕಾದದ್ದು ಇದು ಎಷ್ಟು ಸಲ ಅಚ್ಚಾಗಬೇಕು ಎಂಬುದನ್ನು, ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದನ್ನಲ್ಲ.

ನಾನು ಹಾಗೆ ಕೇಳಿಕೊಳ್ಳಲಿಲ್ಲ. "ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಬೆಲೆ" ಎಂಬ ಕಾಲಂ ತಲೆಬರಹಗಳನ್ನು ಲೇಖಕರ ಹೆಸರಿನ ಕೆಳಗೇ ಚೆಂದವೆಂದು ಗ್ರೂಪ್ ಹೆಡರಿನಲ್ಲಿ ಇಟ್ಟೆ. ಒಂದೇ ಪುಸ್ತಕವಿರುವ ಲೇಖಕರು ನಮ್ಮಲ್ಲಿ ಬಹಳ, ಅವರೆಲ್ಲರ ಕೆಳಗೂ ಒಂದು ಸಾಲು ಪುಸ್ತಕಕ್ಕೆ ಒಂದು ಸಾಲು ತಲೆಬರಹ ಬಂದು ಪಟ್ಟಿ ಒಂದೂವರೆ ಪಟ್ಟು ಉದ್ದವಾಯಿತು. ಅವನ್ನು ಪೇಜ್ ಹೆಡರಿಗೆ ಏರಿಸಿದ ಮೇಲೆ ಸರಿಹೋಯಿತು. ರಿಪೋರ್ಟ್ ಫೂಟರಿನ ವಿಷಯದಲ್ಲೂ ಒಂದು ಗೊಂದಲವಿದೆ. ವಿನ್ಯಾಸದ ಪರದೆಯಲ್ಲಿ ಅದು ಎಲ್ಲಕ್ಕಿಂತ ಕೆಳಗೆ, ಪೇಜ್ ಫೂಟರಿಗಿಂತಲೂ ಕೆಳಗೆ ಕಾಣುತ್ತದೆ, ಅಚ್ಚಿನಲ್ಲಿ ಮಾತ್ರ ಅದು ಕೊನೆಯ ಪುಸ್ತಕದ ಸಾಲು ಮುಗಿದ ಕೂಡಲೇ, ಕೊನೆಯ ಪುಟದ ಪೇಜ್ ಫೂಟರಿಗಿಂತ ಮೇಲೆ ಬರುತ್ತದೆ. ಒಟ್ಟು ಪುಸ್ತಕಗಳ ಸಂಖ್ಯೆ ಕಾಣೆಯಾಗಿದೆ ಎಂದು ನಾನು ಅರ್ಧ ಗಂಟೆ ಹುಡುಕಿದ್ದು ಪುಟದ ಅಡಿಯಲ್ಲಿ, ಅದು ಇದ್ದದ್ದು ಪುಟದ ನಡುವಿನಲ್ಲಿ.

ಹಳೆಯ ರಿಜಿಸ್ಟರಿನಲ್ಲಿ ಪ್ರತಿ ಪುಟದ ಕೆಳಗೆ ಬೆಲೆಗಳ ಮೊತ್ತ ಬರೆಯುವ ಪದ್ಧತಿ ಇತ್ತು, ಅಚ್ಚಿನಲ್ಲೂ ಅದು ಇರಲಿ ಎಂದು ಮೇಷ್ಟ್ರು ಹೇಳಿದರು. ಪೇಜ್ ಫೂಟರಿನಲ್ಲಿ ಬೆಲೆಯ ಮೊತ್ತದ ಸೂತ್ರ ಹಾಕಿದೆ, ಪ್ರತಿ ಪುಟದಲ್ಲೂ "#ಎರರ್" ಎಂದು ಬಂತು. ಕಾರಣ ಸರಳವಾದದ್ದೇ: ಮೊತ್ತ, ಎಣಿಕೆ ಮೊದಲಾದ ಸೂತ್ರಗಳು ದತ್ತಾಂಶದ ಗುಂಪುಗಳ ಮೇಲೆ ಕೆಲಸ ಮಾಡುತ್ತವೆ, ಪುಟ ಎನ್ನುವುದು ದತ್ತಾಂಶದ ಗುಂಪಲ್ಲ. ಕಾಗದ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಪುಟ ಒಡೆಯುತ್ತದೆ, ಅಷ್ಟೇ. ಆದ್ದರಿಂದ ಡೀಟೇಲ್ ವಿಭಾಗದಲ್ಲಿ ಬೆಲೆಯದೇ ಇನ್ನೊಂದು ಪೆಟ್ಟಿಗೆಯನ್ನು ಕಾಣದಂತೆ ಇಟ್ಟು, ಅದಕ್ಕೆ ಸಾಲಿನಿಂದ ಸಾಲಿಗೆ ಕೂಡಿಸುತ್ತ ಹೋಗುವ ರನ್ನಿಂಗ್ ಸಮ್ ಎಂಬ ಗುಣವನ್ನು ಇಡೀ ವರದಿಗೆ ಅನ್ವಯಿಸುವಂತೆ ಕೊಟ್ಟು, ಪೇಜ್ ಫೂಟರಿನಲ್ಲಿ ಆ ಪೆಟ್ಟಿಗೆಯಲ್ಲಿ ಬಂದ ಮೊತ್ತವನ್ನಷ್ಟೇ ತೋರಿಸಿದೆ. ಹೀಗೆ ಪ್ರತಿ ಪುಟದಡಿಯಲ್ಲಿ "ಇಲ್ಲಿಯವರೆಗಿನ ಮೊತ್ತ" ಬಂತು. ಮೇಷ್ಟ್ರಿಗೆ ಇದೇ ಹೆಚ್ಚು ಹಿಡಿಸಿತು.

ಮೊದಲ ಅಚ್ಚು ಪ್ರತಿಯಲ್ಲಿ ಒಂದು ಪುಟ ಬಿಟ್ಟು ಒಂದು ಪುಟ ಖಾಲಿ ಬಂತು. ಎ4 ಕಾಗದದ ಅಗಲ 210 ಮಿಲಿಮೀಟರ್. ಎರಡೂ ಬದಿ 20ರಂತೆ ಅಂಚು ಬಿಟ್ಟರೆ ಉಳಿಯುವುದು 170. ಬೆಲೆಯ ಕಾಲಮ್ಮನ್ನು ಒಮ್ಮೆ ಬಲಕ್ಕೆ ಎಳೆದು ಮತ್ತೆ ಎಡಕ್ಕೆ ತಂದಿದ್ದಾಗ ರಿಪೋರ್ಟಿನ ಅಗಲ 174ಕ್ಕೆ ಹಿಗ್ಗಿ ಅಲ್ಲೇ ನಿಂತುಬಿಟ್ಟಿತ್ತು. ಆ ನಾಲ್ಕು ಮಿಲಿಮೀಟರಿನಲ್ಲಿ ಏನೂ ಇಲ್ಲದಿದ್ದರೂ ಅದಕ್ಕಾಗಿ ಒಂದೊಂದು ಹಾಳೆ ಖರ್ಚಾಗುತ್ತಿತ್ತು. ಬಲ ಅಂಚನ್ನು ಹಿಂದಕ್ಕೆ ಎಳೆದು 168ಕ್ಕೆ ನಿಲ್ಲಿಸಿದೆ. ಉದ್ದ ಹೆಸರಿನ ಪುಸ್ತಕಗಳಿಗೆ ಕ್ಯಾನ್ ಗ್ರೋ ಗುಣ ಕೊಟ್ಟಾಗ ಹೆಸರು ಎರಡನೇ ಸಾಲಿಗೆ ಇಳಿಯಿತು, ಆದರೆ ಕಾಲಮ್ಮುಗಳ ನಡುವೆ ನಾನು ಎಳೆದಿದ್ದ ಉದ್ದಗೆರೆಗಳು ಜೊತೆಗೆ ಬೆಳೆಯಲಿಲ್ಲ, ಪಟ್ಟಿ ಹಲ್ಲು ಉದುರಿದಂತೆ ಕಂಡಿತು. ಗೆರೆಗಳನ್ನೇ ತೆಗೆದುಹಾಕಿದೆ. ಕಾಲಮ್ಮುಗಳ ನಡುವೆ ಬಿಳಿ ಜಾಗ ಸಾಕಷ್ಟಿದ್ದರೆ ಗೆರೆ ಬೇಕಾಗುವುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೇಖಕರ ಹೆಸರು ಪುಟದ ಕಟ್ಟಕಡೆಯ ಸಾಲಿನಲ್ಲಿ, ಅವರ ಪುಸ್ತಕಗಳು ಮುಂದಿನ ಪುಟದಲ್ಲಿ ಬರುವುದನ್ನು ತಪ್ಪಿಸಲು, ಗುಂಪಿನ ಹೆಡರ್ ಮತ್ತು ಅದರ ಮೊದಲ ದಾಖಲೆ ಒಂದೇ ಪುಟದಲ್ಲಿರಲಿ ಎಂಬ ಆಯ್ಕೆಯನ್ನು ಹಾಕಬೇಕು. ಗುಂಪು ಪುಟ ದಾಟಿದಾಗ ಹೆಸರು ಮತ್ತೆ ಮೇಲೆ ಬರಲು ರಿಪೀಟ್ ಸೆಕ್ಷನ್ ಇದೆ. ಇವೆರಡೂ ಒಂದೊಂದು ಕ್ಲಿಕ್ಕಿನ ಕೆಲಸ.

ಒಬ್ಬರೇ ಲೇಖಕರು ಮೂರು ಕಡೆ

ಗುಂಪು ಮಾಡಿದ ಕೂಡಲೇ ದತ್ತಾಂಶದ ಕೊಳೆ ಎದ್ದು ಕಂಡಿತು. ಬೇಂದ್ರೆಯವರು ಮೂರು ಗುಂಪುಗಳಾಗಿ ಬಂದಿದ್ದರು: "ದ.ರಾ.ಬೇಂದ್ರೆ" ಎಂದು ಅಂತರವಿಲ್ಲದೆ ಒಮ್ಮೆ, "ದ. ರಾ. ಬೇಂದ್ರೆ" ಎಂದು ಅಂತರವಿಟ್ಟು ಒಮ್ಮೆ, ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ಇನ್ನೊಮ್ಮೆ. ಅಂತರದ ವ್ಯತ್ಯಾಸವನ್ನು ಕಣ್ಣಿನಿಂದ ಹಿಡಿಯಬಹುದು. ಕಣ್ಣಿಗೆ ಕಾಣದ ವ್ಯತ್ಯಾಸವೇ ನನ್ನನ್ನು ಎರಡು ಭಾನುವಾರ ಕಾಡಿತು. "ಗೋ" ಎಂಬ ಅಕ್ಷರವಿರುವ ಒಂದು ಹೆಸರು ಎರಡು ಗುಂಪುಗಳಾಗಿ ಒಡೆದಿತ್ತು, ಎಷ್ಟು ಹಿಗ್ಗಿಸಿ ನೋಡಿದರೂ ಎರಡೂ ಒಂದೇ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಓಕಾರದ ಚಿಹ್ನೆಗೆ ತನ್ನದೇ ಒಂದು ಸಂಖ್ಯೆ ಇದೆ, ಆದರೆ ಅದನ್ನು ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡು ತುಂಡುಗಳಾಗಿಯೂ ಬರೆಯಲು ಬರುತ್ತದೆ. ಓದುವವರಿಗೆ ಎರಡೂ ಒಂದೇ, ಒಂದೊಂದು ಸಂಖ್ಯೆಯನ್ನೂ ಹೋಲಿಸಿ ನೋಡುವ ತಂತ್ರಾಂಶಕ್ಕೆ ಬೇರೆ ಬೇರೆ. ಹಳೆಯ ಕಡತವೊಂದರಿಂದ ನಕಲಿಸಿ ತಂದ ಹೆಸರುಗಳಲ್ಲಿ ಇಂಥ ತುಂಡು ಓಕಾರಗಳಿದ್ದವು. ಅವುಗಳನ್ನೆಲ್ಲ ಒಟ್ಟುಗೂಡಿಸಿದ ರೂಪಕ್ಕೆ ಬದಲಿಸಿ, ಹೆಸರುಗಳ ನಡುವೆ ನುಸುಳಿದ್ದ ಶೂನ್ಯ ಅಗಲದ ಜೋಡಕಗಳನ್ನು (ಅಕ್ಷರಗಳ ಜೋಡಣೆಯನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಸಂಕೇತಗಳನ್ನು) ಒಂದೊಂದಾಗಿ ಪರಿಶೀಲಿಸಿ ಸರಿಪಡಿಸಿದೆ.

ಕಾವ್ಯನಾಮದ ಪ್ರಶ್ನೆ ಇನ್ನೂ ಆಸಕ್ತಿಕರವಾದದ್ದು. ಕೆ. ವಿ. ಪುಟ್ಟಪ್ಪ ಎಂದು ಹುಡುಕುವವರೂ ಇದ್ದಾರೆ, ಕುವೆಂಪು ಎಂದು ಹುಡುಕುವವರೂ ಇದ್ದಾರೆ. ಆದ್ಯ ರಂಗಾಚಾರ್ಯರೇ ಶ್ರೀರಂಗ ಎಂಬುದು ಎಲ್ಲ ಹುಡುಗರಿಗೂ ತಿಳಿದಿರುವುದಿಲ್ಲ. ಪುಸ್ತಕಗಳನ್ನು ಒಂದೇ ಹೆಸರಿನಡಿ ಸೇರಿಸಿ, ಉಳಿದ ಹೆಸರಿನಲ್ಲಿ "ನೋಡಿ" ಎಂಬ ಒಂದು ಸಾಲು ಕೊಡುವುದು ಗ್ರಂಥಾಲಯದವರ ಹಳೆಯ ಪದ್ಧತಿ. 1931ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂಬುದು, ಈ ಒಂದು ಸಾಲು ಮಾಡುವ ಕೆಲಸ ಅದೇ. ಪರ್ಯಾಯ ಹೆಸರುಗಳಿಗೆ ಪುಟ್ಟದೊಂದು ಕೋಷ್ಟಕ ಮಾಡಿ, ಪ್ರತಿ ಹೆಸರಿನ ಎದುರು ಅದು ಯಾವ ಲೇಖಕ ಸಂಖ್ಯೆಗೆ ಸೇರಿದ್ದು ಎಂದು ಬರೆದು, ಎರಡನ್ನೂ ಕೂಡಿಸಿ ರಿಪೋರ್ಟಿಗೆ ಕೊಟ್ಟೆ. "ಅಂಬಿಕಾತನಯದತ್ತ. ನೋಡಿ: ಬೇಂದ್ರೆ, ದ. ರಾ." ಎಂಬ ಸಾಲು ಅಕಾರದ ಪುಟದಲ್ಲಿ ಅಚ್ಚಾಗಿ ಬಂದಾಗ ನನಗಾದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ.

ಅಕಾರಾದಿಯ ಕ್ರಮವೂ ತಾನಾಗಿ ಬರಲಿಲ್ಲ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಯದು, ಹಕಾರದ ನಂತರದ್ದು. ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲಕಾರದ ಪಕ್ಕದಲ್ಲೇ ಇದೆ: ಲ 3250, ಳ 3251, ವ 3253, ಹ 3257. ಸಂಖ್ಯೆಯ ಕ್ರಮದಲ್ಲೇ ವಿಂಗಡಿಸಿದರೆ ಬೆಳಗೆರೆ ಕೃಷ್ಣಶಾಸ್ತ್ರಿ ಮೊದಲು ಬಂದು ಬೆಸಗರಹಳ್ಳಿ ರಾಮಣ್ಣ ಆಮೇಲೆ ಬರುತ್ತಾರೆ, ಕನ್ನಡ ನಿಘಂಟಿನ ಕ್ರಮ ಗೊತ್ತಿರುವವರು ಹುಡುಕುವುದು ಇದಕ್ಕೆ ತಿರುಗಾಮುರುಗಾ. ಪರಿಹಾರವಾಗಿ ಆಕ್ಸೆಸ್ಸಿನೊಳಗಿನ ಪ್ರೋಗ್ರಾಂ ಭಾಷೆಯಾದ ವಿಬಿಎಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದೆ. ಅದು ಹೆಸರಿನ ಪ್ರತಿಯಲ್ಲಿ 3251 ಇದ್ದಲ್ಲೆಲ್ಲ ಹಕಾರದ ನಂತರ ಖಾಲಿ ಇರುವ 3258ನ್ನು ಇಟ್ಟು, ಆ ಪ್ರತಿಗಳನ್ನು ವಿಂಗಡಿಸಿ, ಪ್ರತಿ ಲೇಖಕರಿಗೂ 1, 2, 3 ಎಂದು ಒಂದು ಕ್ರಮಾಂಕವನ್ನು ಬರೆಯುತ್ತದೆ. ರಿಪೋರ್ಟ್ ಆ ಕ್ರಮಾಂಕದ ಮೇಲೆ ವಿಂಗಡಿಸಲ್ಪಡುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಕೋಷ್ಟಕಗಳಿಂದ ಮಾಹಿತಿ ಆಯ್ದುಕೊಡುವ ಕ್ವೆರಿಯಲ್ಲಿ ಎಷ್ಟೇ ಚೆನ್ನಾಗಿ ವಿಂಗಡಿಸಿದ್ದರೂ ರಿಪೋರ್ಟಿನಲ್ಲಿ ಗುಂಪು ಮಾಡಿದ ಮೇಲೆ ಅದು ಲೆಕ್ಕಕ್ಕಿಲ್ಲ, ರಿಪೋರ್ಟಿನ ಗುಂಪು ಮತ್ತು ವಿಂಗಡಣೆಯ ಪಟ್ಟಿಯಲ್ಲೇ ಮತ್ತೆ ಹೇಳಬೇಕು.

ಜಾಲಪುಟಗಳು ಮತ್ತು ಕೊಂಡಿಗಳು

ರಿಪೋರ್ಟನ್ನೇ ಜಾಲಪುಟದ ರೂಪವಾದ ಎಚ್‌ಟಿಎಂಎಲ್ ಆಗಿ ರಫ್ತು ಮಾಡುವ ಆಯ್ಕೆ ಆಕ್ಸೆಸ್ಸಿನಲ್ಲಿದೆ. ಹಾಗೆ ಮಾಡಿದರೆ ಕಾಗದದ ಪ್ರತಿ ಪುಟಕ್ಕೆ ಒಂದು ಕಡತ ಬರುತ್ತದೆ, ಒಬ್ಬ ಲೇಖಕರ ಪುಸ್ತಕಗಳು ಎರಡು ಕಡತಗಳಲ್ಲಿ ಹಂಚಿಹೋಗುತ್ತವೆ. ಪರದೆಗೆ ಕಾಗದದ ಅಳತೆಯ ಹಂಗೇಕೆ? ಅದನ್ನು ಬಿಟ್ಟು, ಲೇಖಕರ ಹೆಸರಿನ ಮೊದಲ ಅಕ್ಷರಕ್ಕೆ ಒಂದರಂತೆ ಕಡತ ಬರೆಯುವ ಪ್ರೋಗ್ರಾಂ ಮಾಡಿದೆ. ಮೊದಲ ಓಟದಲ್ಲಿ ಎಲ್ಲ ಕಡತಗಳಲ್ಲೂ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿತ್ತು, ಏಕೆಂದರೆ ವಿಬಿಎಯ ಸಾಧಾರಣ ಪ್ರಿಂಟ್ ಆಜ್ಞೆ ಯೂನಿಕೋಡ್ ಬರೆಯುವುದಿಲ್ಲ. ಎಡಿಒಡಿಬಿ ಸ್ಟ್ರೀಮ್ ಎಂಬ ಕಡತ ಬರೆಯುವ ಸಲಕರಣೆಯನ್ನು ಬಳಸಿ, ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮ ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ಅಕ್ಷರಗಳು ಕಾಣಿಸಿದವು.

ಇಲ್ಲಿಂದ ಮುಂದೆ ಕೆಲಸವೆಲ್ಲ ಕೊಂಡಿಗಳದ್ದು. ಅಚ್ಚಿನ "ನೋಡಿ" ಎಂಬ ಸಾಲು ಜಾಲಪುಟದಲ್ಲಿ ಕೊಂಡಿಯಾಗುತ್ತದೆ, ಓದುಗರು ಪುಟ ತಿರುವಬೇಕಿಲ್ಲ, ಒತ್ತಿದರೆ ಸಾಕು. ರಿಪೋರ್ಟಿನಲ್ಲಿ ಎಷ್ಟು ಸಲ ಎಂಬ ಪ್ರಶ್ನೆ ಹೇಗೋ, ಕೊಂಡಿಯಲ್ಲಿ ಈ ವಿಳಾಸವನ್ನು ಎಲ್ಲಿ ನಿಂತು ಓದುತ್ತಾರೆ ಎಂಬ ಪ್ರಶ್ನೆ ಹಾಗೆ. ಪೂರ್ಣ ವಿಳಾಸವೆಂದರೆ ತಾಣದ ಹೆಸರಿನಿಂದ ಹಿಡಿದು ಬರೆದದ್ದು, ಊರು, ಅಂಚೆ, ಜಿಲ್ಲೆ ಎಲ್ಲ ಸೇರಿಸಿ ಬರೆದ ಕಾಗದದ ವಿಳಾಸದಂತೆ ಎಲ್ಲಿಂದ ಓದಿದರೂ ಅದು ಒಂದೇ ಕಡೆ ಒಯ್ಯುತ್ತದೆ. ಸಾಪೇಕ್ಷ ವಿಳಾಸವನ್ನು ಈಗ ನಿಂತ ಪುಟದಿಂದ ಲೆಕ್ಕ ಹಾಕಬೇಕು: ಬರೀ ಕಡತದ ಹೆಸರಿದ್ದರೆ ಇದೇ ಫೋಲ್ಡರಿನಲ್ಲಿ, "../" ಎಂದು ಶುರುವಾದರೆ ಒಂದು ಮೆಟ್ಟಿಲು ಮೇಲೆ. ಮೂರನೆಯದು "/" ಗುರುತಿನಿಂದ ಶುರುವಾಗುವುದು, ಅದು ತಾಣದ ಬುಡದಿಂದ ಲೆಕ್ಕ. ನಾನು ಈ ಮೂರನೆಯದನ್ನು ಬಳಸಿದ್ದೆ. ಪರೀಕ್ಷೆಗೆಂದು ಪುಟಗಳನ್ನು ತಾಣದ ಒಂದು ಒಳ ಫೋಲ್ಡರಿನಲ್ಲಿ ಇಟ್ಟಾಗ ಎಲ್ಲ ಕೊಂಡಿಗಳೂ ಬುಡಕ್ಕೆ ಹೋಗಿ ಅಲ್ಲಿ ಏನೂ ಸಿಗದೆ 404 ಎಂದವು. ಒಳಕೊಂಡಿಗಳನ್ನೆಲ್ಲ ಸಾಪೇಕ್ಷ ವಿಳಾಸಕ್ಕೆ ಬದಲಿಸಿದ ಮೇಲೆ ಇಡೀ ಫೋಲ್ಡರನ್ನು ಎಲ್ಲಿಗೆ ಸಾಗಿಸಿದರೂ, ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟರೂ ಅವು ನಡೆಯುತ್ತವೆ.

ಕಡತಗಳಿಗೆ ಕನ್ನಡದಲ್ಲೇ ಹೆಸರಿಡಬೇಕೆಂಬ ಆಸೆ ನನಗಿತ್ತು. ಹೆಸರಿಟ್ಟರೆ ನಡೆಯುತ್ತದೆ ಕೂಡ. ಆದರೆ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. "ಲೇಖಕರು" ಎಂಬುದರಲ್ಲಿ ಆರು ಸಂಕೇತಗಳಿವೆ, ವಿಳಾಸವನ್ನು ನಕಲಿಸಿ ವಾಟ್ಸಾಪಿನಲ್ಲಿ ಕಳಿಸಿದಾಗ ಅದು 54 ಅಕ್ಷರಗಳ ಸರವಾಗಿ ಬಂತು. ಬೇಸರದಿಂದಲೇ ಇಂಗ್ಲಿಷ್ ಅಕ್ಷರಗಳಿಗೆ ಬಂದೆ. ಅಲ್ಲಿಯೂ ಒಂದು ಏಟು ಕಾದಿತ್ತು. ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಕೊಂಡಿಗಳಲ್ಲಿ ಏಳು ತಾಣವಿರುವ ಲಿನಕ್ಸ್ ಸರ್ವರಿಗೆ ಏರಿಸಿದ ಮೇಲೆ ಮುರಿದವು. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಕೊಂಡಿಯಲ್ಲಿ ಸಣ್ಣಕ್ಷರ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಲಿನಕ್ಸ್ ಎನ್ನುವುದಿಲ್ಲ. ಈಗ ಎಲ್ಲ ಹೆಸರುಗಳೂ ಸಣ್ಣಕ್ಷರದಲ್ಲಿವೆ.

ಕೊಂಡಿಯ ಮೇಲೆ ಕಾಣುವ ಮಾತಿಗೆ ಆಂಕರ್ ಪಠ್ಯ ಎನ್ನುತ್ತಾರೆ. ನನ್ನ ಮೊದಲ ಕರಡಿನಲ್ಲಿ ಎಲ್ಲ ಕಡೆಯೂ "ಇಲ್ಲಿ ಒತ್ತಿ" ಎಂದಿತ್ತು. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವಾಗ ಪುಟದ ಕೊಂಡಿಗಳನ್ನಷ್ಟೇ ಪಟ್ಟಿಯಾಗಿ ಓದಿಸಿಕೊಳ್ಳುವುದುಂಟು, ಅವರಿಗೆ ಕೇಳಿಸುವುದು ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ ಎಂದಷ್ಟೇ. ಲೇಖಕರ ಹೆಸರನ್ನೇ ಕೊಂಡಿಯಾಗಿಸಿದೆ.

ಒಂದು ಪುಟದೊಳಗಿನ ನಿರ್ದಿಷ್ಟ ಜಾಗಕ್ಕೆ ಕೊಂಡಿ ಕೊಡಲು ಆ ಜಾಗಕ್ಕೊಂದು ಗುರುತು ಇಟ್ಟು, ವಿಳಾಸದ ಕೊನೆಗೆ # ಚಿಹ್ನೆಯ ಮುಂದೆ ಆ ಗುರುತನ್ನು ಬರೆಯಬೇಕು. ಪ್ರತಿ ಲೇಖಕರಿಗೂ ಒಂದು ಗುರುತು ಬೇಕಾಗಿತ್ತು, ಅಕಾರಾದಿಗೆಂದು ಮಾಡಿದ ಕ್ರಮಾಂಕ ಕೈಯಲ್ಲೇ ಇತ್ತು, ಅದನ್ನೇ ಹಾಕಿದೆ. ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ತಾಣ ತೆರೆದ ತಿಂಗಳಲ್ಲೇ ಹತ್ತಿರದ ಶಾಲೆಯೊಂದು ತನ್ನ ಪುಟದಿಂದ ನಮ್ಮ ಕೆಲವು ಲೇಖಕರಿಗೆ ಕೊಂಡಿ ಕೊಟ್ಟಿತು. ಹೊರಗಿನವರು ನಮ್ಮ ಕಡೆಗೆ ಕೊಡುವ ಇಂಥ ಕೊಂಡಿಗೆ ಹಿಂಕೊಂಡಿ ಎನ್ನುತ್ತಾರೆ, ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಮರುವಾರ ದಾನವಾಗಿ ಬಂದ ಪುಸ್ತಕಗಳೊಡನೆ ಹನ್ನೊಂದು ಹೊಸ ಲೇಖಕರು ಸೇರಿದರು. ಕ್ರಮಾಂಕಗಳನ್ನು ಮತ್ತೆ ಎಣಿಸಿದಾಗ ಹೊಸಬರ ನಂತರ ಬರುವವರೆಲ್ಲ ಮುಂದೆ ಸರಿದರು. ಶಾಲೆಯ ಮಕ್ಕಳು ಒಬ್ಬ ಲೇಖಕರ ಹೆಸರನ್ನು ಒತ್ತಿದರೆ ಅವರ ನೆರೆಯವರ ಪುಸ್ತಕಗಳು ತೆರೆದುಕೊಳ್ಳುತ್ತಿದ್ದವು. 404 ಬಂದಿದ್ದರೆ ಯಾರಾದರೂ ದೂರುತ್ತಿದ್ದರು, ತಪ್ಪು ಜಾಗಕ್ಕೆ ಒಯ್ಯುವ ಕೊಂಡಿಯನ್ನು ಎರಡು ವಾರ ಯಾರೂ ಗಮನಿಸಲಿಲ್ಲ.

ಸರಿಯಾದ ಗುರುತು ಮೊದಲಿನಿಂದಲೂ ಕೋಷ್ಟಕದಲ್ಲೇ ಇತ್ತು. ಲೇಖಕ ಸಂಖ್ಯೆ ಒಮ್ಮೆ ಕೊಟ್ಟ ಮೇಲೆ ಬದಲಾಗುವುದಿಲ್ಲ, ಅಕಾರಾದಿಯಲ್ಲಿ ಅವರು ಎಲ್ಲೇ ಇರಲಿ. ಗುರುತುಗಳನ್ನು "ಲೇ-147" ಎಂಬ ಮಾದರಿಯಲ್ಲಿ ಆ ಸಂಖ್ಯೆಯಿಂದ ಮಾಡಿದೆ. ಹಳೆಯ ಕೊಂಡಿಗಳನ್ನು ಸರ್ವರಿನಲ್ಲಿ 301 ಎಂಬ ಶಾಶ್ವತ ಸ್ಥಳಾಂತರದ ಸೂಚನೆಯಿಂದ ತಿರುಗಿಸಬಹುದೆಂದು ಮೊದಲು ಭಾವಿಸಿದ್ದೆ, ಆದರೆ # ನಂತರದ ಭಾಗವನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ, ಅದು ಬ್ರೌಸರಿನಲ್ಲೇ ಉಳಿಯುತ್ತದೆ. ಹೀಗಾಗಿ ತಾಣ ತೆರೆದ ದಿನದ ಕ್ರಮಾಂಕಗಳ ಒಂದು ಪ್ರತಿಯನ್ನು ಬೇರೆ ಕೋಷ್ಟಕದಲ್ಲಿ ಇಟ್ಟು, ಪ್ರತಿ ಲೇಖಕರ ಹೆಸರಿನ ಪಕ್ಕದಲ್ಲಿ ಆ ಹಳೆಯ ಅಂಕೆಯನ್ನೂ ಕಣ್ಣಿಗೆ ಕಾಣದ ಎರಡನೇ ಗುರುತಾಗಿ ಉಳಿಸಿದೆ. ಶಾಲೆಯ ಕೊಂಡಿಗಳು ಮತ್ತೆ ಸರಿಯಾದ ಲೇಖಕರ ಬಳಿಗೇ ಹೋಗುತ್ತಿವೆ, ಅವರು ಏನನ್ನೂ ಬದಲಿಸಬೇಕಾಗಲಿಲ್ಲ. 301 ಬೇಕಾದದ್ದು ಪರೀಕ್ಷೆಯ ಫೋಲ್ಡರಿನ ಹಳೆಯ ವಿಳಾಸಕ್ಕೆ ಮಾತ್ರ. ಅಲ್ಲಿ 302 ಹಾಕಬಾರದು, ಅದು ತಾತ್ಕಾಲಿಕ ಸ್ಥಳಾಂತರದ ಸೂಚನೆ.

ಅಚ್ಚಾದ ಪಟ್ಟಿಯನ್ನು ಹೊಲಿದು, ಕ್ಯಾಲಿಕೋ ಬಟ್ಟೆಯ ಬೆನ್ನು ಹಾಕಿಸಿ ಓದುವ ಮೇಜಿನ ಮೇಲೆ ಇಟ್ಟಿದ್ದೇವೆ. ಗ್ರೂಪ್ ಹೆಡರಿನಲ್ಲಿ ಪ್ರತಿ ಲೇಖಕರ ಹೆಸರಿನ ಬಲಕ್ಕೆ ಈಗ ಸಣ್ಣ ಅಕ್ಷರದಲ್ಲಿ ಅವರ ಲೇಖಕ ಸಂಖ್ಯೆಯೂ, ಪೇಜ್ ಫೂಟರಿನಲ್ಲಿ ತಾಣದ ಪೂರ್ಣ ವಿಳಾಸವೂ ಇದೆ. ಮೊನ್ನೆ ಮೇಷ್ಟ್ರು ಒಬ್ಬ ಹುಡುಗಿಗೆ ಪಟ್ಟಿಯಲ್ಲಿ ಬೇಂದ್ರೆಯವರ ಸಂಖ್ಯೆ ತೋರಿಸಿ, "ಮನೆಗೆ ಹೋಗಿ ಮೊಬೈಲಿನಲ್ಲಿ ಇದನ್ನೇ ಹಾಕು, ಯಾವುದು ಬೇಕೋ ಆರಿಸಿಕೊಂಡು ನಾಳೆ ಬಾ ಮಗಾ" ಎಂದು ಕಳಿಸಿದರು. ಮರುದಿನ ಅವಳು ಒಂದು ಚೀಟಿಯಲ್ಲಿ ಮೂರು ಅಕ್ಸೆಷನ್ ಸಂಖ್ಯೆಗಳನ್ನು ಬರೆದುಕೊಂಡು ಬಂದಿದ್ದಳು.